ಕೊನೆಯ ಕೋಣೆಯ ಚಳಿ

ನಮ್ಮ ದೇವನಕೊಂಡದಲ್ಲಿ ಮನೆಯನ್ನು ತಂಪಾಗಿಡುವ ಚಿಂತೆಯೇ ಹೊರತು ಬಿಸಿ ಮಾಡುವ ಚಿಂತೆ ಯಾರಿಗೂ ಇಲ್ಲ. ಆದ್ದರಿಂದ 2023ರ ಜನವರಿಯಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿರುವ ಮಗಳ ಮನೆಗೆ ಹೋದಾಗ, ಪ್ರತಿ ಕೋಣೆಯ ಗೋಡೆಗೂ ತಗುಲಿಸಿದ್ದ ಬಿಳಿಯ ಉಕ್ಕಿನ ಹಲಗೆಗಳನ್ನು ಕಂಡು ಇವೇನೆಂದು ಕೇಳಿದೆ. ಅವೇ ರೇಡಿಯೇಟರುಗಳು. ಅಡಿಗೆಮನೆಯಲ್ಲಿ ಗ್ಯಾಸಿನ ಬಾಯ್ಲರ್ ಇರುತ್ತದೆ. ಅಲ್ಲಿ ಕಾದ ನೀರನ್ನು ಪಂಪು ಕೊಳವೆಗಳಿಗೆ ತಳ್ಳುತ್ತದೆ. ನೀರು ಪ್ರತಿಯೊಂದು ರೇಡಿಯೇಟರಿನೊಳಗೆ ಹಾದು, ಕೋಣೆಗೆ ಬಿಸಿ ಕೊಟ್ಟು, ಬೇರೆ ಕೊಳವೆಯಿಂದ ಬಾಯ್ಲರಿಗೆ ಮರಳುತ್ತದೆ.

ಆ ಮನೆಯ ನಡುಮನೆಯಲ್ಲಿ ಬರೀ ಅಂಗಿ ಸಾಕೆನಿಸುವಷ್ಟು ಸೆಕೆ. ಮಹಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ಚಳಿ. ಅದು ನಮ್ಮ ಬೀಗಿತ್ತಿಯವರ ಕೋಣೆ. ಬೆಳಿಗ್ಗೆ ಸಾಮಾಯಿಕಕ್ಕೆ ಅವರು ಎರಡು ಸ್ವೆಟರು ತೊಟ್ಟು, ಮೇಲೆ ಶಾಲು ಹೊದ್ದು ಕೂಡುತ್ತಿದ್ದರು. "ಅಕ್ಕಾವ್ರೇ, ಚಳಿ ಆಗೋದಿಲ್ಲವೇನ್ರೀ?" ಎಂದರೆ, "ಇರಲಿ ಬೀಗರೇ, ರೂಢಿ ಆಗಿದೆ" ಎಂದರು. ಮೂರು ಚಳಿಗಾಲ ಹಾಗೆಯೇ ಕಳೆದಿದ್ದರಂತೆ. ಅವರು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ನಾನು ಹೇಳಿದ ಮೇಲೆ ಅಳಿಯಂದಿರು ಬಾಯ್ಲರಿನ ಕಾವು ಹೆಚ್ಚಿಸಿದರು. ನಡುಮನೆಯಲ್ಲಿ ಕಿಟಕಿ ತೆರೆಯುವಂತಾಯಿತು, ಹಿಂದಿನ ಕೋಣೆ ಇದ್ದಂತೆಯೇ ಇತ್ತು. ಹೆಚ್ಚು ಉರಿಸಿದರೆ ಅಗ್ನಿಕಾಯ ಜೀವಗಳ ಹಿಂಸೆಯೂ ಹೆಚ್ಚು, ಖರ್ಚೂ ಹೆಚ್ಚು. 2022ರ ಅಕ್ಟೋಬರಿನಿಂದ ಅಲ್ಲಿನ ಸರ್ಕಾರ ದರಕ್ಕೆ ಮಿತಿ ಹಾಕಿದ್ದರೂ, ಸಾಧಾರಣ ಸಂಸಾರಕ್ಕೆ ಗ್ಯಾಸು, ವಿದ್ಯುತ್ತು ಸೇರಿ ವರ್ಷಕ್ಕೆ 2,500 ಪೌಂಡಿನ ಲೆಕ್ಕವಿತ್ತು.

ಆ ಭಾನುವಾರ ಆಕ್ಸ್‌ಫರ್ಡ್ ಬೀದಿಯ ಜೈನ್ ಸೆಂಟರಿಗೆ ದರ್ಶನಕ್ಕೆ ಹೋದೆವು. ಹಳೆಯ ಚರ್ಚಿನ ಕಟ್ಟಡವನ್ನು ಜಿನಮಂದಿರವಾಗಿ ಮಾಡಿ 1988ರಲ್ಲಿ ಪ್ರತಿಷ್ಠೆ ನೆರವೇರಿಸಿದ್ದಾರೆ. ದಿಗಂಬರ, ಶ್ವೇತಾಂಬರ ಇಬ್ಬರಿಗೂ ಒಂದೇ ಸೂರು. ಅಲ್ಲಿ ಪೂರ್ವ ಆಫ್ರಿಕಾದಿಂದ ಬಂದು ನೆಲೆಸಿದ ಗುಜರಾತಿ ಹಿರಿಯರೊಬ್ಬರ ಪರಿಚಯವಾಯಿತು. ದುಡಿಯುವ ಕಾಲದಲ್ಲಿ ಅವರದು ಕೊಳವೆ ಕೆಲಸ. ವಿಷಯ ಕೇಳಿ, "ಉರಿ ಹೆಚ್ಚಿಸಬೇಡಿ ಸೇಠ್‌ಜೀ. ಮುಂದಿನವು ಎಲ್ಲವನ್ನೂ ಕುಡಿಯುತ್ತಿವೆ, ಅವುಗಳ ಬಾಯಿ ಕಟ್ಟಿ" ಎಂದು ಹಿಂದಿಯಲ್ಲಿ ಹೇಳಿ ಸಂಜೆ ಮನೆಗೇ ಬಂದರು.

ಪರದೇಶದಲ್ಲಿ ಮಕ್ಕಳಿರುವವರಿಗೆ ಉಪಯೋಗವಾದೀತೆಂದು ಅವರು ಮಾಡಿದ್ದನ್ನು ಬರೆಯುತ್ತೇನೆ. ರೇಡಿಯೇಟರಿನ ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ. ಚಿಕ್ಕ ಕೀಲಿಯಿಂದ ಬಿಡಬೇಕು. ಕೆಳಗಿನ ನಡುಭಾಗ ತಣ್ಣಗಿದ್ದರೆ ತಳದಲ್ಲಿ ಕೆಸರು ಕೂತಿದೆ. ಹತ್ತಿರದವು ಸುಡುತ್ತಿದ್ದು, ದೂರದ್ದು ಮಾತ್ರ ಪೂರ್ತಿ ತಣ್ಣಗಿದ್ದರೆ ಹೆಚ್ಚಾಗಿ ನೀರಿನ ಹಂಚಿಕೆಯ ದೋಷ. ನೀರು ಸುಲಭದ ದಾರಿ ಹಿಡಿಯುತ್ತದೆ, ಬಾಯ್ಲರಿಗೆ ಹತ್ತಿರದವುಗಳಲ್ಲೇ ಸುತ್ತಿ ಮರಳಿಬಿಡುತ್ತದೆ.

ಪ್ರತಿ ರೇಡಿಯೇಟರಿಗೂ ಎರಡು ವಾಲ್ವುಗಳು. ಒಂದನ್ನು ಕೈಯಿಂದ ತಿರುಗಿಸಬಹುದು. ಇನ್ನೊಂದಕ್ಕೆ ಪ್ಲಾಸ್ಟಿಕ್ ಟೋಪಿ ಇರುತ್ತದೆ, ಅದಕ್ಕೆ ಲಾಕ್‌ಶೀಲ್ಡ್ ಎನ್ನುತ್ತಾರೆ, ಪಾನಾ ಹಾಕಿ ತಿರುಗಿಸಬೇಕು. ಮೊದಲು ಎಲ್ಲವನ್ನೂ ಆರಲು ಬಿಟ್ಟು, ಎಲ್ಲ ವಾಲ್ವುಗಳನ್ನೂ ತೆರೆದು, ಬಾಯ್ಲರ್ ಹಚ್ಚಿ, ಯಾವುದು ಮೊದಲು ಬಿಸಿಯಾಯಿತೆಂದು ಚೀಟಿಯಲ್ಲಿ ಕ್ರಮವಾಗಿ ಬರೆದುಕೊಂಡರು. ಮೊದಲನೆಯದರ ಲಾಕ್‌ಶೀಲ್ಡನ್ನು ಪೂರ್ತಿ ಮುಚ್ಚಿ ಕಾಲು ಸುತ್ತು ಮಾತ್ರ ತೆರೆದರು. ಮುಂದಿನದಕ್ಕೆ ಸ್ವಲ್ಪ ಹೆಚ್ಚು, ಕೊನೆಯದಕ್ಕೆ ಪೂರಾ. ಒಳಬರುವ, ಹೊರಹೋಗುವ ಕೊಳವೆಗಳ ಕಾವಿನ ಅಂತರ ಎಲ್ಲದರಲ್ಲೂ ಹೆಚ್ಚುಕಡಿಮೆ 12 ಡಿಗ್ರಿ ಬರುವಂತೆ ನೋಡಿದರು. ಒಂದನ್ನು ಬದಲಿಸಿದರೆ ಉಳಿದವೂ ಬದಲಾಗುತ್ತವೆ, ಆದ್ದರಿಂದ ಎರಡು ಮೂರು ಸಲ ತಿದ್ದಬೇಕು. ಗ್ಯಾಸಿನ ಬಾಯ್ಲರಿನೊಳಗೆ ಮಾತ್ರ ನಾವು ಕೈ ಹಾಕಬಾರದು.

ರಾತ್ರಿ ಹಿಂದಿನ ಕೋಣೆ ಬೆಚ್ಚಗಾಯಿತು. ಉರಿ ಮೊದಲಿನಷ್ಟೇ ಇತ್ತು.

ನನಗೆ ನಮ್ಮ ಸೀಮೆಯ ಕಾಲುವೆ ನೆನಪಾಯಿತು. ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ಕಾಲುವೆ ಬಳ್ಳಾರಿ ಸೀಮೆ ಹಾದು ಆದವಾನಿ, ಎಮ್ಮಿಗನೂರು ಕಡೆಗೆ ಬರುತ್ತದೆ. ಮೇಲಿನವರು ತೂಬನ್ನು ಪೂರಾ ತೆರೆದುಕೊಂಡರೆ ಕೊನೆಯವರ ಪೈರು ಒಣಗುತ್ತದೆ. ಮೇಲಿನವರನ್ನು ನಾನು ಎಷ್ಟೋ ಸಲ ಅಂಗಡಿಯಲ್ಲಿ ಕೂತು ಬೈದಿದ್ದೇನೆ.

ಆದರೆ ಬೀಗಿತ್ತಿಯವರು "ಇರಲಿ" ಎಂದ ದನಿಯನ್ನು ಬೇರೆಲ್ಲೋ ಕೇಳಿದ್ದೆ. ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ, ಮಗಳು ನಮ್ಮ ಹಿತ್ತಲಿನ ಭಾಗದಲ್ಲಿದ್ದಾರೆ. ಅಂಗಡಿ ಇಬ್ಬರದೂ ಕೂಡಿದ್ದು. ತಿಂಗಳ ಹಣದಲ್ಲಿ ನನ್ನ ಮನೆಖರ್ಚು, ಮಗನ ಆದವಾನಿ ಅಂಗಡಿಯ ಬಂಡವಾಳ ಆದ ಮೇಲೆ ಉಳಿದದ್ದು ಆಕೆಗೆ. ಕಡಿಮೆಯಾದಾಗ, "ಮುಂದಿನ ಸುಗ್ಗಿಗೆ ವ್ಯಾಪಾರ ಏಳಲಿ, ಹೆಚ್ಚಿಗೆ ಕೊಡೋಣ" ಎನ್ನುತ್ತಿದ್ದೆ. ಆಕೆ, "ಇರಲಿ ಬಾವನವರೇ, ಸಾಕು" ಎನ್ನುತ್ತಿದ್ದಳು. ವ್ಯಾಪಾರ ಎದ್ದಿತು. ಹೆಚ್ಚಿದ್ದೆಲ್ಲ ನಡುಮನೆಯಲ್ಲೇ ಉಳಿಯಿತು.

ಊರಿಗೆ ಬಂದು ಖಾತೆ ತೆಗೆದು ನೋಡಿದೆ. ಹಿಂದಿನ ವರ್ಷ ನಾಲ್ಕು ತಿಂಗಳು ಆಕೆಗೆ ಅರ್ಧ ಹಣವೇ ಹೋಗಿತ್ತು. ಕೂರಿಸಿ ಕೇಳಿದಾಗ, ಮಗಳ ಕಾಲೇಜು ಫೀಜಿಗೆ ಎರಡು ಬಳೆ ಅಡವಿಟ್ಟದ್ದು ತಿಳಿಯಿತು. ಪರ್ಯುಷಣದಲ್ಲಿ ಜೀವದಯೆಗೆ ತಪ್ಪದೆ ಹಣ ಬರೆಸುವ ಮನೆ ನಮ್ಮದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಒಂದನೇ ತಾರೀಖಿನ ಮೊದಲ ಖರ್ಚು ಆಕೆಯ ಹೆಸರಿನಲ್ಲಿ ಬೀಳುತ್ತದೆ, ನನ್ನದು ಕೊನೆಗೆ. "ಅಪ್ಪಾ, ಬಂಡವಾಳ ಕುಗ್ಗಿದರೆ ವ್ಯಾಪಾರ ಹೇಗೆ?" ಎಂದು ಮಗ ಎರಡು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಅವನ ಮಾತಿನಲ್ಲೂ ಹುರುಳಿತ್ತು, ಆದ್ದರಿಂದ ನನ್ನ ಖರ್ಚನ್ನೇ ಇನ್ನಷ್ಟು ಬಿಗಿ ಮಾಡಿದೆ. ಬಳೆಗಳು ಮನೆಗೆ ಬಂದವು.

ಪರಿಗ್ರಹ ಪರಿಮಾಣವೆಂದರೆ ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳೆನೆಂದು ಲೆಕ್ಕ ಹಾಕುವುದಷ್ಟೇ ಎಂದುಕೊಂಡಿದ್ದೆ. ನನ್ನ ವಾಲ್ವನ್ನು ತಿರುಗಿಸದೆ ಕೊನೆಯ ಕೋಣೆಗೆ ಬಿಸಿ ಮುಟ್ಟದೆಂದು ಅರವತ್ತು ದಾಟಿದ ಮೇಲೆ ಕಲಿತೆ. ನಿಮ್ಮ ಮನೆಯಲ್ಲಿ "ಇರಲಿ, ಸಾಕು" ಎನ್ನುವವರು ಯಾರಿದ್ದಾರೋ, ಅವರ ಕೋಣೆಗೆ ಹೋಗಿ ಒಂದು ಗಳಿಗೆ ಕೂತು ಬನ್ನಿ. ಜೈ ಜಿನೇಂದ್ರ.