ಮೀನಖಂಡದೊಳಗಿನ ಹಂಚಿಕೆ

ಪಿಯರ್ ‘ಎ’ ಉದ್ಯಾನ ಹಿಂದಾಯಿತು. ಬಲಕ್ಕೆ ಹಡ್ಸನ್ ನದಿ, ಅದರಾಚೆ ಮ್ಯಾನ್‌ಹಟನ್. ಹೋಬೋಕನ್ನಿನಲ್ಲೇ ಹುಟ್ಟಿದ ಗಾಯಕ ಸಿನಾಟ್ರಾ ಹೆಸರಿನ ರಸ್ತೆಯಲ್ಲಿ ನೀವು ಉತ್ತರಕ್ಕೆ ಓಡುತ್ತಿದ್ದೀರಿ. ನೆಲ ಸಪಾಟು, ಉಸಿರು ಹದವಾಗಿದೆ.

ಈಗ ನಿಮ್ಮ ಮೀನಖಂಡದೊಳಕ್ಕೆ ಇಳಿಯೋಣ. ಹೊರಗೆ ಉಬ್ಬಿ ಕಾಣುವುದು ಗ್ಯಾಸ್ಟ್ರೊಕ್ನೀಮಿಯಸ್ ಸ್ನಾಯು. ಅದರಡಿ ಚಪ್ಪಟೆಯಾಗಿ ಸೋಲಿಯಸ್. ಬರೀ ನಿಂತಾಗಲೂ ದುಡಿಯುವುದು ಸೋಲಿಯಸ್. ಅದರಲ್ಲಿ ನಿಧಾನವಾಗಿ ಕುಗ್ಗುವ, ಬೇಗ ದಣಿಯದ ಕೆಂಪು ತಂತುಗಳೇ ಹೆಚ್ಚು. ಸದ್ಯ ಹೆಚ್ಚು ರಕ್ತ ಹರಿಯುತ್ತಿರುವುದು ಇಂಥ ತಂತುಗಳಿರುವ ಕಡೆಗೇ.

ರಸ್ತೆ ಬಿಟ್ಟು ಕ್ಯಾಸಲ್ ಪಾಯಿಂಟ್ ಕಡೆ ತಿರುಗುತ್ತೀರಿ. 1870ರಲ್ಲಿ ಆರಂಭವಾದ ಸ್ಟೀವನ್ಸ್ ಸಂಸ್ಥೆ ಇರುವ ಬಂಡೆಗುಡ್ಡ ಅದು. ಏರು ಶುರುವಾದದ್ದೇ ಎದೆ ಬಡಿತ ಜೋರಾಗುತ್ತದೆ. ಇಷ್ಟು ಹೊತ್ತು ಸುಮ್ಮನಿದ್ದ, ಬೇಗ ಕುಗ್ಗುವ ಬಿಳಿ ತಂತುಗಳನ್ನೂ ನರಗಳು ಎಬ್ಬಿಸುತ್ತವೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುವ ಹೃದಯ, ಪೂರ್ತಿ ದಮ್ಮು ಕಟ್ಟಿ ಓಡಿದರೆ 20 ಲೀಟರ್ ದೂಡೀತು. ಆಗ ಅದರ ಐದರಲ್ಲಿ ನಾಲ್ಕು ಪಾಲು ಸ್ನಾಯುಗಳಿಗೇ.

ಆದರೆ ಸಮಪಾಲಲ್ಲ. ಕೂದಲಿಗಿಂತ ತೆಳುವಾದ ಒಂದು ಕಿರುಧಮನಿಯನ್ನು ನೋಡಿ. ದುಡಿಯುವ ತಂತುಗಳಿಂದ ಪೊಟ್ಯಾಸಿಯಂ, ಅಡಿನೊಸಿನ್ ಹೊರಬೀಳುತ್ತವೆ. ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಬಿಗಿದಿದ್ದ ಗೋಡೆ ಸಡಿಲಿ ನಾಳ ಅಗಲವಾಗುತ್ತದೆ. ಬಾಯಾರಿದ ಮಡಿಯ ಬದುವನ್ನಷ್ಟೇ ಕಡಿದು ನೀರು ಹಾಯಿಸಿದ ಹಾಗೆ. ಸ್ನಾಯು ಕುಗ್ಗಿದಾಗ ನಾಳ ಅಮುಕಿ ಹರಿವು ತಡೆಯುತ್ತದೆ, ಸಡಿಲಿದ ಕೂಡಲೇ ರಕ್ತ ನುಗ್ಗುತ್ತದೆ. ತಮಗಿಂತ ಕಿರಿದಾದ ಲೋಮನಾಳದಲ್ಲಿ ಕೆಂಪು ರಕ್ತಕಣಗಳು ಮೈ ಮಡಿಸಿಕೊಂಡು ಒಂದರ ಹಿಂದೊಂದು ಸಾಗುತ್ತವೆ.

ಈ ಹಂಚಿಕೆಯ ಲೆಕ್ಕ ಅಚ್ಚುಕಟ್ಟೇನಲ್ಲ, ನನಗೆ ಬೆರಗು ಅಲ್ಲೇ. ಒಂದು ನರಕೋಶ ಎಬ್ಬಿಸುವ ತಂತುಗಳು ಸ್ನಾಯುವಿನಲ್ಲಿ ಚದುರಿರುತ್ತವೆ. ಲೋಮನಾಳಗಳೋ ಗುಂಪುಗುಂಪಾಗಿ ತುಂಬುತ್ತವೆ. ಹಾಗಾಗಿ ಸುಮ್ಮನಿರುವ ನೆರೆಯ ತಂತುವಿಗೂ ಪಾಲು ಸಿಗುತ್ತದೆ. ಹಾಗೆಂದು ಹಂಚಿಕೆ ಗೊತ್ತುಗುರಿಯಿಲ್ಲದ್ದೂ ಅಲ್ಲ. 1982ರಲ್ಲಿ ಸಂಶೋಧಕರಾದ ಲಾಫ್ಲಿನ್ ಮತ್ತು ಆರ್ಮ್‌ಸ್ಟ್ರಾಂಗ್ ಓಡುವ ಇಲಿಗಳ ರಕ್ತಕ್ಕೆ ಸೂಕ್ಷ್ಮ ಗೋಲಿಗಳನ್ನು ಸೇರಿಸಿ ಅಳೆದರು. ಒಂದೇ ಸ್ನಾಯುವಿನ ಕೆಂಪು ಭಾಗಕ್ಕೆ ಬಿಳಿ ಭಾಗಕ್ಕಿಂತ ಎಷ್ಟೋ ಪಟ್ಟು ಹೆಚ್ಚು ರಕ್ತ ಹರಿದಿತ್ತು.

ಗುಡ್ಡದ ಮೇಲೆ ನಿಂತಿದ್ದೀರಿ. ಏದುಸಿರು ತಗ್ಗುತ್ತದೆ, ಕಾಲಿನ ಉರಿಯೂ.

ಊರಿನಿಂದ ಮಕ್ಕಳ ಮನೆಗೆ ಬಂದ ಅಪ್ಪ-ಅಮ್ಮಂದಿರೂ ಈ ನದಿದಂಡೆಯಲ್ಲಿ ಸಂಜೆ ನಡೆಯುತ್ತಾರೆ. ಅವರಲ್ಲಿ ಯಾರಿಗಾದರೂ ನಡೆದಾಗಲೆಲ್ಲ ಮೀನಖಂಡ ಹಿಡಿದು, ನಿಂತರೆ ಬಿಡುತ್ತಿದ್ದರೆ, ವಯಸ್ಸಾಯಿತೆಂದು ಸುಮ್ಮನಾಗಬೇಡಿ. ಕಾಲಿನ ದೊಡ್ಡ ಧಮನಿಯೇ ಕಿರಿದಾಗಿರಬಹುದು. ಸಕ್ಕರೆ ಕಾಯಿಲೆ ಇದ್ದವರು, ಬೀಡಿ-ಸಿಗರೇಟು ಸೇದುವವರಂತೂ ತಡಮಾಡದೆ ವೈದ್ಯರಿಗೆ ತೋರಿಸಿ.