ಹಸಿಮೆಣಸು, ಹಂದಿಮಾಂಸ ಮತ್ತು ನಿಧಾನದ ಬೆಲೆ

ಮಾಂಸಾಹಾರದ ರೂಢಿಯಿಲ್ಲದ ಓದುಗ ಮಿತ್ರರು ಮೊದಲಿಗೇ ಕ್ಷಮಿಸಬೇಕು. ಈ ಸಲ ನಾನು ಬರೆಯಹೊರಟಿರುವುದು ಹಂದಿಮಾಂಸದ ಅಡುಗೆಯ ಕುರಿತು. ಮೂಡಿಗೆರೆ ಸೀಮೆಯವರಿಗೆ ಈ ವಿಷಯದಲ್ಲಿ ಹೊಸತೇನೂ ಇರಲಾರದು. ಆರಿದ್ರಾ ಮಳೆ ಹಿಡಿದು ಕುಳಿತು, ಕಾಫಿತೋಟದ ಕೆಲಸ ನಿಂತು, ಕಂಬಳಿಯೊಳಗಿಂದ ಕೈ ಹೊರತೆಗೆಯಲೂ ಬೇಸರವಾಗುವ ದಿನಗಳಲ್ಲಿ ಕಡುಬು ಮತ್ತು ಹಂದಿಸಾರನ್ನು ನೆನೆಯದ ಮಾಂಸಾಹಾರಿ ಮನೆ ನಮ್ಮ ಕಡೆ ಅಪರೂಪ. ತೋಟಗಳಲ್ಲಿರುವ ಮಂಗಳೂರು ಮೂಲದ ಕ್ರೈಸ್ತ ಬಂಧುಗಳ ದುಕ್ರಾಮಾಸ್, ಪಕ್ಕದ ಕೊಡಗಿನವರ ಪಂದಿಕರಿ, ನಮ್ಮ ಕಡೆಯ ಒಳ್ಳೆಮೆಣಸಿನ ಹುರುಕಲು, ಹೀಗೆ ಒಂದೇ ಮಾಂಸಕ್ಕೆ ಈ ಬೆಟ್ಟಗಳಲ್ಲಿ ಹಲವು ರುಚಿಗಳಿವೆ. ಆದರೆ ನಾನಿಂದು ಹೇಳಬೇಕೆಂದಿರುವ ಅಡುಗೆ ದೂರದ ಮೆಕ್ಸಿಕೋ ದೇಶದ್ದು. ಅದರ ಹೆಸರು ಚಿಲೆ ವೆರ್ದೆ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ ಹಸಿರು ಮೆಣಸಿನಕಾಯಿ ಎಂದರ್ಥ.

ನನ್ನ ಮಗಳು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ನಗರದಲ್ಲಿದ್ದಾಳೆ. ನಿವೃತ್ತಿಯ ನಂತರ ಅವಳ ಮನೆಯಲ್ಲಿ ಮೂರು ತಿಂಗಳು ಇದ್ದೆ. ಆ ರಾಜ್ಯ ಹಿಂದೆ ಮೆಕ್ಸಿಕೋ ದೇಶಕ್ಕೇ ಸೇರಿದ್ದು, 1848ರ ಒಪ್ಪಂದದ ಮೂಲಕ ಅಮೆರಿಕದ ಪಾಲಾಯಿತು. ಗಡಿ ಬದಲಾದರೂ ಅಡುಗೆಮನೆ ಬದಲಾಗಲಿಲ್ಲ. ಆಗಸ್ಟ್ ಕೊನೆಯಿಂದ ಅಂಗಡಿಗಳ ಮುಂದೆ ತಂತಿಬಲೆಯ ಪೀಪಾಯಿಗಳನ್ನಿಟ್ಟು, ಹಸಿಮೆಣಸಿನಕಾಯಿಯನ್ನು ಮೂಟೆಗಟ್ಟಲೆ ಸುರಿದು, ಗ್ಯಾಸಿನ ಜ್ವಾಲೆಯ ಮೇಲೆ ತಿರುಗಿಸುತ್ತಾ ಸುಡುತ್ತಾರೆ. ಆ ಕಮಟು ಬೀದಿಯುದ್ದಕ್ಕೂ ಹರಡಿರುತ್ತದೆ. ಹೋಟೆಲಿನಲ್ಲಿ ಕೂತರೆ ಮೊದಲು ಕೇಳುವ ಪ್ರಶ್ನೆ ‘ಕೆಂಪೋ, ಹಸಿರೋ?’ ಎಂದು. ಯಾವ ಮೆಣಸಿನ ಸಾರು ಬೇಕೆಂಬ ಆ ಪ್ರಶ್ನೆಯನ್ನು ಅವರು ರಾಜ್ಯದ ಅಧಿಕೃತ ಪ್ರಶ್ನೆಯನ್ನಾಗಿಯೇ ಅಂಗೀಕರಿಸಿದ್ದಾರೆ! ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತಯಾರಿಸಿದ ನನಗೆ ಇಂತಹ ಸುಲಭದ ಪ್ರಶ್ನೆ ಎಂದೂ ಹೊಳೆದಿರಲಿಲ್ಲ.

ಮಗಳು ಬೆಳಿಗ್ಗೆ ಏಳಕ್ಕೆ ಹಂದಿಯ ಭುಜದ ಮಾಂಸ, ಸುಟ್ಟು ಸಿಪ್ಪೆ ಸುಲಿದ ಹಸಿಮೆಣಸು, ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ಮತ್ತು ಟೊಮಾಟಿಲ್ಲೊ ಎಂಬ ಹುಳಿಕಾಯನ್ನು ಒಂದು ವಿದ್ಯುತ್ ಮಡಕೆಯಲ್ಲಿ ತುಂಬಿ, ಗಾಜಿನ ಮುಚ್ಚಳ ಮುಚ್ಚಿ, ಗುಂಡಿ ತಿರುಗಿಸಿ ಕೆಲಸಕ್ಕೆ ಹೊರಟುಬಿಡುತ್ತಿದ್ದಳು. ಸಂಜೆ ಅವಳು ಬರುವಷ್ಟರಲ್ಲಿ ಮಾಂಸ ಚಮಚದ ಬೆನ್ನಿಗೇ ಬಿಡಿಸಿಕೊಳ್ಳುವಷ್ಟು ಹದಕ್ಕೆ ಬಂದಿರುತ್ತಿತ್ತು. ಆ ಟೊಮಾಟಿಲ್ಲೊ ನಮ್ಮ ಗದ್ದೆಯಂಚಿನಲ್ಲಿ ಮಕ್ಕಳು ಹಣೆಗೆ ಹೊಡೆದು ‘ಪಟ್’ ಎನ್ನಿಸುವ ಬುಡ್ಡೆಹಣ್ಣಿನ ಕುಲದ್ದು. ಅದೇ ಕಾಗದದಂತಹ ಹೊದಿಕೆ. ಒಳಗಿನ ಕಾಯಿ ಮಾತ್ರ ನಿಂಬೆಯಷ್ಟು ದೊಡ್ಡದು, ಒಳ್ಳೆಯ ಹುಳಿ. ಹೋಲಿಕೆಯಿದೆಯೆಂದು ನಮ್ಮ ಕಾಡುಗಿಡದ ಹಸಿಕಾಯನ್ನು ಯಾರೂ ಅಡುಗೆಗೆ ಬಳಸಬಾರದು, ಅದು ಹೊಟ್ಟೆಗಾಗದು.

ಮೊದಲ ತುತ್ತಿಗೇ ನನಗೆ ಪರಿಚಿತವೆನ್ನಿಸಿತು. ಕೊಬ್ಬಿನ ಮಾಂಸ, ಹಸಿಮೆಣಸಿನ ಖಾರ, ಗಟ್ಟಿಯಾದ ಹುಳಿ, ದೀರ್ಘಕಾಲದ ಸಣ್ಣ ಬೆಂಕಿ. ನಮ್ಮ ಮನೆಯ ಹಂದಿಸಾರಿನ ಸೂತ್ರವೂ ಇದೇ. ಅಲ್ಲಿ ಟೊಮಾಟಿಲ್ಲೊ ಮಾಡುವ ಕೆಲಸವನ್ನು ಇಲ್ಲಿ ಉಪ್ಪಾಗೆ ಹುಳಿ ಮಾಡುತ್ತದೆ. ಮಳೆಗಾಲದಲ್ಲಿ ಉದುರಿದ ಉಪ್ಪಾಗೆ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಾಡಿಗೆಯಂತೆ ಕಪ್ಪಾಗಿಸಿ, ಶೀಸೆಯಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಕೊಡಗಿನವರು ಅದನ್ನೇ ಕಾಚಂಪುಳಿ ಎನ್ನುತ್ತಾರೆ.

ಈ ಸಾಮ್ಯಕ್ಕೆ ಚರಿತ್ರೆಯ ಕಾರಣವೂ ಒಂದಿಷ್ಟಿದೆ. ಮೆಣಸಿನಕಾಯಿಯ ತವರು ಮೆಕ್ಸಿಕೋ. 1492ರಲ್ಲಿ ಕೊಲಂಬಸ್ ಹೊರಟಿದ್ದು ನಮ್ಮ ನಾಡಿನಂತಹ ಪೂರ್ವದೇಶಗಳ ಸಾಂಬಾರ ಪದಾರ್ಥಗಳನ್ನು ಹುಡುಕಿಕೊಂಡು. ಅವನಿಗೆ ಸಿಕ್ಕಿದ್ದು ಬೇರೊಂದು ಖಂಡ ಮತ್ತು ಬೇರೊಂದು ಖಾರ. ಪೋರ್ಚುಗೀಸರು ಆ ಕಾಯನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಹದಿನಾರನೆಯ ಶತಮಾನಕ್ಕೆ ಮುಂಚೆ ಈ ಬೆಟ್ಟಗಳಲ್ಲಿ ಖಾರವೆಂದರೆ ಬಳ್ಳಿಯಲ್ಲಿ ಬಿಡುವ ಕಾಳೇ, ಶುಂಠಿಯೇ. ಹೊಸ ಕಾಯಿ ಬಂದಾಗ ನಮ್ಮ ಹಿರಿಯರು ಅದಕ್ಕೆ ಹೊಸ ಹೆಸರು ಹುಡುಕಲಿಲ್ಲ. ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದರು. ಹಳೆಯದನ್ನು ಬೇರ್ಪಡಿಸಲು ಅದು ಕರಿಮೆಣಸಾಯಿತು, ಕಾಳುಮೆಣಸಾಯಿತು, ನಮ್ಮ ಮಲೆನಾಡಿನ ಬಾಯಲ್ಲಿ ಒಳ್ಳೆಮೆಣಸಾಯಿತು. ಅತಿಥಿಗೆ ಹೆಸರು ಬಿಟ್ಟುಕೊಟ್ಟ ಮನೆಯವನು ‘ಒಳ್ಳೆಯವನು’ ಎನಿಸಿಕೊಂಡಂತೆ! ಇತ್ತ ಮೆಕ್ಸಿಕೋದಲ್ಲಿ ಹಂದಿಯೇ ಅತಿಥಿ. ಕೊಲಂಬಸ್ 1493ರ ಎರಡನೆಯ ಯಾನದಲ್ಲಿ ಸಾಕುಹಂದಿಗಳನ್ನು ಕೆರಿಬಿಯನ್ ದ್ವೀಪಗಳಿಗೆ ಒಯ್ದ. ಮುಂದೆ ಸ್ಪೇನಿನ ದಂಡಿನ ಜೊತೆ ಅವು ಮೆಕ್ಸಿಕೋ ಸೇರಿದವು. ಅವರ ಮೆಣಸು ನಮ್ಮ ಹಂದಿಯ ಮಡಕೆಗೂ, ಹೊರಗಿನ ಹಂದಿ ಅವರ ಮೆಣಸಿನ ಮಡಕೆಗೂ ಹೆಚ್ಚುಕಡಿಮೆ ಒಂದೇ ಶತಮಾನದಲ್ಲಿ ಬಿದ್ದವು.

ಸಾಮಗ್ರಿಯ ಮಾತು ಇಲ್ಲಿಗೆ ಸಾಕು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ವಿದ್ಯುತ್ ಮಡಕೆ.

ನಾನು ಮದುವೆಯಾಗಿ ಬಂದ ಮನೆಯಲ್ಲಿ ಹಂದಿಮಾಂಸ ಒಳಗಿನ ಅಡುಗೆಮನೆಗೆ ಬರುವಂತಿರಲಿಲ್ಲ. ಕೋಳಿಗೆ, ಕುರಿಗೆ ಇದ್ದ ಪ್ರವೇಶ ಅದಕ್ಕಿರಲಿಲ್ಲ. ಹಿತ್ತಿಲಲ್ಲಿ ಕೊಟ್ಟಿಗೆಗೆ ತಾಗಿದಂತೆ ಒಂದು ಇಳಿಮಾಡು, ಮೂರು ಕಲ್ಲಿನ ಒಲೆ, ಅದಕ್ಕೆಂದೇ ಮೀಸಲಾದ ಮಣ್ಣಿನ ಮಡಕೆ ಮತ್ತು ಸೌಟು. ಊರಿನಲ್ಲಿ ಯಾರಾದರೂ ಹಂದಿ ಕೊಯ್ದರೆ ಪಾಲಿಗೆ ಸೇರುತ್ತಿದ್ದರು. ತೇಗದೆಲೆಯಲ್ಲಿ ಕಟ್ಟಿದ ಪಾಲು ಬೆಳಿಗ್ಗೆ ಮನೆ ತಲುಪುತ್ತಿತ್ತು. ಅಲ್ಲಿಂದ ಅತ್ತೆಯವರ ದಿನ ಆ ಇಳಿಮಾಡಿನಲ್ಲಿ. ಕಾಫಿಗಿಡದ ಕೊರಡು ನಿಧಾನವಾಗಿ ಉರಿದು ಗಟ್ಟಿ ಕೆಂಡ ಕೊಡುತ್ತದೆ. ಮಡಕೆಯ ಬಾಯಿಗೆ ತಟ್ಟೆ ಮುಚ್ಚಿ ಅದರ ಮೇಲೂ ನಾಲ್ಕು ಕೆಂಡ ಇಟ್ಟು, ಕೆಳಗಿನ ಬೆಂಕಿ ಏರದಂತೆ, ಆರದಂತೆ ಕಾಯುತ್ತಾ ಅವರು ಕೂರುತ್ತಿದ್ದರು. ಮೂರು ದಿಕ್ಕಿನಿಂದ ಇರಚಲು, ನಾಲ್ಕನೆಯ ದಿಕ್ಕಿನಿಂದ ಹೊಗೆ.

ಆ ಸಾರಿನ ರುಚಿಯನ್ನು ಹೊಗಳದ ನೆಂಟರಿರಲಿಲ್ಲ. ‘ನಿಧಾನವೇ ಪ್ರಧಾನ’ ಎಂಬ ಗಾದೆಯನ್ನು ಜಗಲಿಯಲ್ಲಿ ಕೂತು ಕೈ ನೆಕ್ಕುತ್ತಾ ಹೇಳುತ್ತಿದ್ದರು. ಆ ನಿಧಾನವನ್ನು ತಮ್ಮ ಮೈಯಿಂದ ತೆತ್ತವರು ಹಿತ್ತಿಲಲ್ಲಿದ್ದರು. ನಾನು ಶಾಲೆಗೆ ಹೋಗುವವಳಾದ್ದರಿಂದ ನನ್ನ ಸರದಿ ಭಾನುವಾರಕ್ಕೆ. ಆ ಇಳಿಮಾಡಿನಲ್ಲಿ ಕೂತೇ ಎಷ್ಟೋ ಕಿರುಪರೀಕ್ಷೆಗಳ ಉತ್ತರಪತ್ರಿಕೆ ತಿದ್ದಿದ್ದೇನೆ. ಮಕ್ಕಳು ಸೋಮವಾರ ಕಾಗದವನ್ನು ಮೂಸಿ ನೋಡಿ ಮುಸಿಮುಸಿ ನಗುತ್ತಿದ್ದುದೂ ನನಗೆ ಗೊತ್ತು. ಪ್ರೆಷರ್ ಕುಕ್ಕರ್ ಕೊಂಡು ತಂದು ಮುಕ್ಕಾಲು ಗಂಟೆಯಲ್ಲಿ ಬೇಯಿಸಿ ತೋರಿಸಿದಾಗ ಅತ್ತೆ ಒಂದು ತುಂಡು ಬಾಯಿಗಿಟ್ಟುಕೊಂಡು, “ಸೀಟಿ ಹೊಡ್ಸಿದ್ರೆ ಬೆಂದಿರ್ತದೆ, ಪಳಗಿರಲ್ಲ ಕಣೆ” ಎಂದಿದ್ದರು. ಅವರ ಮಾತು ಸುಳ್ಳಾಗಿರಲಿಲ್ಲ. ಮಾಂಸ ಮೆತ್ತಗಾಗಿದ್ದರೂ ಹುಳಿ ಖಾರಗಳು ಒಳಗಿಳಿಯದೆ ಮೇಲೆಯೇ ನಿಂತಿದ್ದವು.

ಆದರೆ ಅವರ ಇನ್ನೊಂದು ಮಾತನ್ನೂ ನಾನು ಮರೆತಿಲ್ಲ. ಎಂಬತ್ತು ದಾಟಿ, ಒಲೆಯ ಮುಂದೆ ಕೂರಲಾಗದೆ ಒಳಗಿನ ಮಂಚಕ್ಕೆ ಸೇರಿದ ಮೇಲೆ ಒಂದು ದಿನ ನಾನು ಬಡಿಸಿದ್ದನ್ನು ಉಣ್ಣುತ್ತಾ, “ಹಂದಿ ರುಚಿ ಹೀಂಗಿರ್ತದೆ ಅಂತ ನಂಗೆ ಗೊತ್ತಾಗಿದ್ದು ಮುದುಕಿ ಆದ್ಮೇಲೆ. ಮೊದ್ಲೆಲ್ಲ ಎಲ್ರಿಗೂ ಬಡ್ಸಿ ನಾನು ಕೂರೋ ಹೊತ್ತಿಗೆ ಮೂಳೆ ಉಳೀತಿತ್ತು, ಹೊಗೆಗೆ ಬಾಯಿ ಕೆಟ್ಟೋಗಿರ್ತಿತ್ತು” ಎಂದರು. ದೂರಿನ ದನಿಯಿರಲಿಲ್ಲ, ಮಳೆ ಬಂತು ಎಂದಷ್ಟೇ ಸಹಜವಾಗಿ ಹೇಳಿದ್ದರು. ಹೈಸ್ಕೂಲಿನಲ್ಲಿದ್ದ ನನ್ನ ಮಗಳು ಅಲ್ಲೇ ಕೂತಿದ್ದಳು. “ಅಮ್ಮ, ನಾನಂತೂ ಆ ಒಲೆ ಮುಂದೆ ಕೂರಲ್ಲ” ಎಂದಳು. ಅವಳು ಮಾತು ಉಳಿಸಿಕೊಂಡಿದ್ದಾಳೆ. ಒಲೆಯ ಮುಂದೆ ಕೂರದೆ ಅದೇ ಪಳಗಿದ ಮಾಂಸವನ್ನು ನನ್ನೆದುರು ಬಡಿಸಿದಾಗ ನನಗೆ ಅತ್ತೆಯವರ ನೆನಪಾಗದಿರಲಿಲ್ಲ.

ಈ ಮಡಕೆಯ ಹುಟ್ಟಿನಲ್ಲೂ ಒಬ್ಬ ಅಜ್ಜಿಯ ಒಲೆಯಿದೆ. ಇದನ್ನು ರೂಪಿಸಿದ ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಯಹೂದಿ ಮನೆತನದವನು. ಯಹೂದಿಗಳ ಸಬ್ಬತ್ ದಿನ ಬೆಂಕಿ ಹೊತ್ತಿಸುವಂತಿಲ್ಲ. ಆದ್ದರಿಂದ ಅವನ ಅಜ್ಜಿಯ ಕಾಲದಲ್ಲಿ ಲಿಥುವೇನಿಯಾದ ಹೆಂಗಸರು ಕಾಳು, ಮಾಂಸ ತುಂಬಿದ ಮಡಕೆಯನ್ನು ಶುಕ್ರವಾರ ಸಂಜೆ ಊರಿನ ಬೇಕರಿಯ ಗೂಡಿನಲ್ಲಿಟ್ಟು, ಆರುತ್ತಿರುವ ಶಾಖದಲ್ಲಿ ರಾತ್ರಿಯಿಡೀ ಬೇಯಲು ಬಿಡುತ್ತಿದ್ದರಂತೆ. ತಾಯಿಯಿಂದ ಆ ಕಥೆ ಕೇಳಿದ ನ್ಯಾಕ್ಸನ್ ಇಂತಹ ಪಾತ್ರೆಗೆ 1940ರಲ್ಲಿ ಪೇಟೆಂಟ್ ಪಡೆದ. ಮುಂದೆ ರೈವಲ್ ಎಂಬ ಕಂಪನಿ ಅದನ್ನು ಕೊಂಡು 1971ರಲ್ಲಿ ‘ಕ್ರಾಕ್ ಪಾಟ್’ ಹೆಸರಿನಲ್ಲಿ ಮಾರಿತು. ಹೆಂಗಸರು ಹೆಚ್ಚುಹೆಚ್ಚಾಗಿ ಉದ್ಯೋಗಕ್ಕೆ ಹೊರಟ ದಶಕವದು. ಪಾತ್ರೆ ಮನೆಮನೆ ಸೇರಿತು. ಹಂದಿಯನ್ನು ಮುಟ್ಟದ ಮತದವರ ಮಡಕೆಯಲ್ಲಿ ಇಂದು ಲೋಕವೆಲ್ಲ ಹಂದಿ ಬೇಯಿಸುತ್ತಿದೆ.

ಅದರೊಳಗೆ ನಡೆಯುವುದೇನೆಂದು ಸ್ವಲ್ಪ ನೋಡೋಣ. ಹೆಚ್ಚು ದುಡಿಯುವ ಭುಜದ ಸ್ನಾಯುಗಳ ನಡುವೆ ಕೊಲಾಜೆನ್ ಎಂಬ ಗಟ್ಟಿ ನಾರಿನ ಅಂಶವಿರುತ್ತದೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖದಲ್ಲಿ ಗಂಟೆಗಟ್ಟಲೆ ಇದ್ದರೆ ಅದು ಕರಗಿ ಜೆಲಾಟಿನ್ ಆಗಿ, ಸಾರಿಗೆ ತುಟಿಗಂಟುವ ಗುಣ ಬರುತ್ತದೆ. ಅತ್ತೆ ‘ಪಳಗುವುದು’ ಎಂದಿದ್ದುದರಲ್ಲಿ ಇದೂ ಸೇರಿದೆ. ದೀರ್ಘಕಾಲ ಬೇಯಿಸುವುದಕ್ಕೆ ಇನ್ನೊಂದು ಸಮರ್ಥನೆಯೂ ಇದೆ: ಸರಿಯಾಗಿ ಬೇಯದ ಹಂದಿಮಾಂಸದಿಂದ ಲಾಡಿಹುಳು ದೇಹ ಸೇರಬಹುದು. ಈ ಅಡುಗೆಯಲ್ಲಿ ಅರೆಬೆಂದ ಹದವೆಂಬುದು ಇಲ್ಲವೇ ಇಲ್ಲ.

ಈಗ ನಮ್ಮೂರಿನ ಸಾಮಾನಿನಲ್ಲಿ ಇದನ್ನು ಮಾಡುವ ಬಗೆ. ಕೊಬ್ಬಿರುವ ಭುಜದ ಮಾಂಸ 1 ಕಿಲೋ, ದೊಡ್ಡ ತುಂಡುಗಳು. ಅವರ ಮೆಣಸು ದೊಡ್ಡದು, ಖಾರ ಕಡಿಮೆ. ನಮ್ಮದನ್ನು ಅದೇ ಲೆಕ್ಕದಲ್ಲಿ ಹಾಕಿದರೆ ಕಣ್ಣೀರೇ ಗತಿ. ಆದ್ದರಿಂದ ಎಂಟು ಹತ್ತು ಬಜ್ಜಿಮೆಣಸು, ಜೊತೆಗೆ ನಾಲ್ಕೇ ನಾಲ್ಕು ಖಾರದ ಹಸಿಮೆಣಸು. ಇವನ್ನು ಕೆಂಡದ ಮೇಲೆ ಸಿಪ್ಪೆ ಕಪ್ಪಾಗುವಂತೆ ಸುಟ್ಟು, ಮುಚ್ಚಿಟ್ಟು, ಬೆವರಿದ ಮೇಲೆ ಸಿಪ್ಪೆ ತೆಗೆಯಬೇಕು. ಟೊಮಾಟಿಲ್ಲೊ ಬದಲಿಗೆ ಅರ್ಧ ಕಿಲೋ ಹಸಿರು ಟೊಮೆಟೊಕಾಯಿ ಮತ್ತು ಅರ್ಧ ಚಮಚ ಉಪ್ಪಾಗೆ ಹುಳಿ. ಅವರು ಒರೆಗಾನೋ ಎಂಬ ಸೊಪ್ಪು ಹಾಕುತ್ತಾರೆ. ನಮ್ಮ ಹಿತ್ತಿಲ ದೊಡ್ಡಪತ್ರೆಯಲ್ಲಿ ಅದೇ ಪರಿಮಳವಿದೆ, ಎರಡು ಎಲೆ ಸಾಕು. ಮಾಂಸವನ್ನು ಮೊದಲು ಬಾಣಲೆಯಲ್ಲಿ ಕೆಂಪಗೆ ಹುರಿದುಕೊಳ್ಳಬೇಕು, ಏಕೆಂದರೆ ಮಡಕೆಯೊಳಗೆ ಆ ಬಣ್ಣ ಬರುವುದಿಲ್ಲ. ಎರಡು ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಹುರಿದ ಜೀರಿಗೆಯನ್ನು ಮೆಣಸು ಟೊಮೆಟೊಗಳೊಡನೆ ತರಿಯಾಗಿ ರುಬ್ಬಿ, ಉಪ್ಪು ಸೇರಿಸಿ ಸುರಿದರಾಯಿತು. ಆವಿ ಹೊರಹೋಗದ ಕಾರಣ ಅರ್ಧ ಲೋಟಕ್ಕಿಂತ ಹೆಚ್ಚು ನೀರು ಬೇಡ. ಸಣ್ಣ ಶಾಖದಲ್ಲಿ 8 ಗಂಟೆ; ನಡುವೆ ಮುಚ್ಚಳ ತೆಗೆದು ಇಣುಕಬಾರದು. ಇಳಿಸುವಾಗ ಕೊತ್ತಂಬರಿ ಸೊಪ್ಪು. ಅವರು ಮೆಕ್ಕೆಜೋಳದ ರೊಟ್ಟಿಯೊಡನೆ ತಿನ್ನುತ್ತಾರೆ, ನಮಗೆ ಅಕ್ಕಿರೊಟ್ಟಿಯುಂಟು.

ಕೊಳ್ಳುವವರಿಗೆ ಎರಡು ಎಚ್ಚರಿಕೆ. ಅಮೆರಿಕದಿಂದ ಮಕ್ಕಳು ತಂದ ಪಾತ್ರೆ ಅಲ್ಲಿನ 120 ವೋಲ್ಟಿನದು, ನಮ್ಮ 230 ವೋಲ್ಟಿಗೆ ಹಾಕಿದರೆ ಸುಟ್ಟುಹೋಗುತ್ತದೆ. ನಾನು ಇಲ್ಲಿನ ವಿದ್ಯುತ್ತಿಗೆ ಹೊಂದುವುದನ್ನೇ ಕೊಂಡೆ. ಸುಮಾರು 200 ವ್ಯಾಟಿನ ಪಾತ್ರೆಗೆ ಎಂಟು ಗಂಟೆಯಲ್ಲಿ ಒಂದೂವರೆ ಯೂನಿಟ್ಟಿನಷ್ಟು ಖರ್ಚು. ಎರಡನೆಯದು ನಮ್ಮ ಮಳೆಗಾಲ. ಮರ ಬಿದ್ದು ಕರೆಂಟು ಹೋದರೆ ಅದು ಬರುವ ದಿನವನ್ನು ಹೇಳುವವರಿಲ್ಲ. ಅರ್ಧ ಬೆಂದ ಮಾಂಸ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ವಿಷವಾದೀತು. ಮನೆಯಲ್ಲಿದ್ದರೆ ತಕ್ಷಣ ಗ್ಯಾಸಿಗೆ ವರ್ಗಾಯಿಸಬೇಕು. ಮನೆಯಲ್ಲಿಲ್ಲದಾಗ ಕರೆಂಟು ಎಷ್ಟು ಹೊತ್ತು ಹೋಗಿತ್ತೆಂದು ತಿಳಿಯದಿದ್ದರೆ, ನೋಡಲು ಬೆಂದಂತೆ ಕಂಡರೂ, ಚೆಲ್ಲುವುದೇ ಸರಿ.

ಹೀಗಾಗಿ ನಮ್ಮ ಮನೆಯಲ್ಲಿ ಈಗ ಬೇಸಿಗೆಗೆ ವಿದ್ಯುತ್ ಮಡಕೆ, ಜುಲೈ ಆಗಸ್ಟಿಗೆ ಹಳೆಯ ಕೆಂಡ. ಎರಡೂ ಒಳಗಿನ ಅಡುಗೆಮನೆಯಲ್ಲೇ. ಅತ್ತೆ ಇದ್ದಾಗಲೇ, ಅವರ ಒಪ್ಪಿಗೆಯಿಂದಲೇ, ಹಿತ್ತಿಲ ಇಳಿಮಾಡನ್ನು ಕಿತ್ತು ಸೌದೆ ಒಟ್ಟಲು ಜಾಗ ಮಾಡಿದೆವು. ಕೆಂಡ ಕಾಯುವ ದಿನ ಸರದಿಯಿದೆ. ಮೊದಲೆರಡು ಗಂಟೆ ನನ್ನದು, ಆಮೇಲಿನದು ಯಜಮಾನರದು. ಅವರು ಪತ್ರಿಕೆ ಹಿಡಿದು ಒಲೆಯ ಮುಂದೆ ಕೂರುತ್ತಾರೆ, ಬೆಂಕಿ ಏರಿತೇ ಆರಿತೇ ಎಂದು ಐದು ನಿಮಿಷಕ್ಕೊಮ್ಮೆ ನನ್ನನ್ನು ಕೂಗಿ ಕೇಳುತ್ತಾರೆ. ಕಲಿಯುತ್ತಿದ್ದಾರೆ. ಈಚೆಗೆ ಗಾದೆ ಹೇಳುವುದನ್ನು ಮಾತ್ರ ಬಿಟ್ಟಿದ್ದಾರೆ.