ರುಮಾಲಿನ ಮರ್ಯಾದೆ

ಕಳೆದ ಶ್ರಾವಣದಲ್ಲಿ ಬಸವಕಲ್ಯಾಣದ ದರ್ಶನ ಮುಗಿಸಿಕೊಂಡು ಬೀದರಿಗೆ ಹೋಗಿದ್ದೆ. ಕೋಟೆಯನ್ನೂ ಮಹಮೂದ್ ಗಾವಾನನ ಮದರಸಾವನ್ನೂ ನೋಡಿ, ಸಂಜೆಗೆ ಗುರುನಾನಕ್ ಝೀರಾ ಸಾಹಿಬ್ ಗುರುದ್ವಾರದ ಬಾಗಿಲಲ್ಲಿ ನಿಂತೆ. ಅಲ್ಲಿಯ ಸಿಹಿನೀರಿನ ಚಿಲುಮೆ ಗುರುನಾನಕರ ಕೃಪೆಯಿಂದ ಹುಟ್ಟಿತೆಂಬುದು ಸಿಖ್ಖರ ಶ್ರದ್ಧೆ. ಪಾದರಕ್ಷೆ ಬಿಟ್ಟು, ಕೈಕಾಲು ತೊಳೆದು ಒಳಗೆ ಹೆಜ್ಜೆಯಿಡುವಷ್ಟರಲ್ಲಿ ಸೇವೆಯಲ್ಲಿದ್ದ ತರುಣನೊಬ್ಬ ಎದುರಿಗೆ ಬಂದು ಕೈಮುಗಿದ. ನನ್ನದು ಬರಿದಲೆ. ಆತ ಕೇಸರಿ ವಸ್ತ್ರವೊಂದನ್ನು ತಂದು ನನ್ನ ತಲೆಗೆ ತಾನೇ ಕಟ್ಟಿದ. ನನ್ನ ಕಣ್ಣುಗಳು ತುಂಬಿಬಂದವು. ಕಾರಣವನ್ನು ಆತನಿಗೆ ಹೇಳಲಾಗಲಿಲ್ಲ, ಓದುಗರಲ್ಲಿ ನಿವೇದಿಸಿಕೊಳ್ಳುತ್ತೇನೆ.

1982ರ ಮಾತು. ಮಠದ ಪ್ರಸಾದನಿಲಯದಲ್ಲಿದ್ದುಕೊಂಡು ಸಂಸ್ಕೃತ ಓದುತ್ತಿದ್ದ ನಾನು ತಂದೆಯವರನ್ನು ಕರಾವಳಿಯ ಕ್ಷೇತ್ರವೊಂದಕ್ಕೆ ಕರೆದೊಯ್ದಿದ್ದೆ. ಧಾರವಾಡ ಸೀಮೆಯ ಒಕ್ಕಲಿಗರಾದ ಅವರು ಘಟ್ಟ ಇಳಿದದ್ದು ಅದೇ ಮೊದಲು. ದೇವಾಲಯದ ಬಾಗಿಲಲ್ಲಿ ಅಂಗಿಯನ್ನೂ ರುಮಾಲನ್ನೂ ತೆಗೆಯಬೇಕೆಂದರು. ಅಂಗಿಯ ಗುಂಡಿಗೆ ಹೋದ ತಂದೆಯವರ ಕೈ ರುಮಾಲಿನ ಬಳಿ ನಿಂತುಬಿಟ್ಟಿತು.

“ಯಪ್ಪಾ, ಒಂದ ಗಳಿಗಿ ತಗದರ ಏನಾಗತೈತಿ?” ಎಂದೆ, ತುಸು ಗಡುಸಾಗಿಯೇ.

“ತಮ್ಮಾ, ನಿಮ್ಮಜ್ಜ ಲಿಂಗೈಕ್ಯ ಆದ ದಿನ ಅಷ್ಟ ನಾಕ ಮಂದಿ ಮುಂದ ಬರಿದಲಿ ನಿಂತೀನಿ. ದೇವರ ಮುಂದ ಹಂಗ ಹ್ಯಾಂಗ ನಿಲ್ಲಲಿ? ನೀ ಹೋಗಿ ಬಾ, ನಾ ಇಲ್ಲೇ ಕುಂದರತೀನಿ” ಎಂದರು.

ಹೊರಗಿನ ಕಟ್ಟೆಯ ಮೇಲೆ ಕುಳಿತು ಅಲ್ಲಿಂದಲೇ ಕೈಮುಗಿದರು. ನಾಲ್ಕಕ್ಷರ ಕಲಿತ ನನಗೆ ಅದು ಹಳ್ಳಿಯ ಹಟವೆನಿಸಿತು. ದಾರಿಯುದ್ದಕ್ಕೂ ಮುಖ ಬಿಗಿದುಕೊಂಡೇ ಬಂದೆ.

ಮುಂದೆ ಉಪನ್ಯಾಸ, ಪುರಾಣ ಪ್ರವಚನಗಳ ನಿಮಿತ್ತ ನಾಡನ್ನು ಸುತ್ತಿದಂತೆ ತಂದೆಯವರ ಮಾತಿನ ತೂಕ ತಿಳಿಯತೊಡಗಿತು. ಬಯಲುಸೀಮೆಯ ಬಿಸಿಲಿಗೆ ರುಮಾಲು ಮೊದಲು ನೆರಳು. ಆಮೇಲೆ ಅದು ಮಾನ. ನಮ್ಮ ಕಡೆ ಹಿರಿಯರೆದುರು ಬರಿದಲೆಯಲ್ಲಿ ನಿಲ್ಲುವುದು ಸೂತಕದ ಗುರುತು. ರುಮಾಲನ್ನು ತೆಗೆದು ಇನ್ನೊಬ್ಬರ ಪಾದದ ಮೇಲೆ ಇಡುವುದೆಂದರೆ ಬೇಡಿಕೆಯ ಕಡೆಯ ಮೆಟ್ಟಿಲು; ಅದಕ್ಕಿಂತ ಕೆಳಗೆ ಬಾಗಲು ಮನುಷ್ಯನಿಗೆ ಉಳಿಯುವುದಿಲ್ಲ. 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗಳಲ್ಲಿ ರುಮಾಲಿನ ಜೊತೆಗೆ ಗಾಂಧಿ ಟೊಪ್ಪಿಗೆಯೂ ಮನೆಮಾಡಿತು. ಮದುವೆಯ ಆಯೇರಿಯಲ್ಲಿ ಇಂದಿಗೂ ಟೊಪ್ಪಿಗೆ, ಟಾವೆಲು, ತೆಂಗಿನಕಾಯಿಗಳನ್ನು ಕೊಟ್ಟು ಬೀಗರನ್ನು ಮನ್ನಿಸುತ್ತಾರೆ. ಮಠಕ್ಕೆ ಬರುವ ತಾಯಂದಿರು ಪೂಜ್ಯರನ್ನು ಕಂಡೊಡನೆ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುವುದೂ ಇದೇ ಭಾವದಿಂದ.

ಮೈಸೂರಿನಲ್ಲಿ ಜರಿಯಂಚಿನ ಪೇಟ ಅರಮನೆಯ ದರಬಾರಿನ ಉಡುಪಿನ ಅಂಗವಾಗಿತ್ತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರನ್ನು ಪೇಟವಿಲ್ಲದೆ ಕಲ್ಪಿಸಿಕೊಳ್ಳುವುದೇ ಕಷ್ಟ. ಅರಸೊತ್ತಿಗೆ ಹೋಯಿತು, ಆದರೆ ಸನ್ಮಾನವೆಂದರೆ ಶಾಲು, ಹಾರಗಳೊಂದಿಗೆ ಮೈಸೂರು ಪೇಟ ಎಂಬ ರೂಢಿ ನಾಡೆಲ್ಲ ಉಳಿದಿದೆ. ಕೊಡಗಿನಲ್ಲಿ ಕುಪ್ಪಸ, ಚೇಲೆ, ಪೀಚೆಕತ್ತಿಗಳಿಗೆ ಮಂಡೆತುಣಿ ಸೇರಿದರೇ ಮಂಗಲವೇಷ ಪೂರ್ಣ. ಘಟ್ಟದ ಕೆಳಗೆ ದುಡಿಯುವವರ ತಲೆಯ ಮೇಲೆ ಅಡಕೆಹಾಳೆಯ ಮುಟ್ಟಾಳೆ. ಮಳೆಬಿಸಿಲಿಗೂ ಹೊರೆಗೂ ಅದೇ ಆಸರೆ. ಅಲ್ಲಿ ದೇವರೆದುರು ತಲೆಯುಡುಗೆಯನ್ನೂ ಅಂಗಿಯನ್ನೂ ತೆಗೆಯುವುದು ‘ನನ್ನದೆಂಬುದು ಯಾವುದೂ ಇಲ್ಲ’ ಎಂಬ ಶರಣಾಗತಿ. ನಮ್ಮಲ್ಲಿ ಮುಚ್ಚಿದ ತಲೆ ಹೇಳುವುದನ್ನೇ ಅಲ್ಲಿ ತೆರೆದ ತಲೆ ಹೇಳುತ್ತದೆ. ಆಚಾರ ಬೇರೆ, ಅದರೊಳಗಿನ ವಿನಯ ಒಂದೇ.

ಈ ಮಾತನ್ನು ತಿಳಿಯುವ ಮೊದಲೇ ತಂದೆಯವರು ಲಿಂಗೈಕ್ಯರಾದರು. ಅಂದು ರುಮಾಲು ತೆಗೆದು ಒಳಗೆ ಹೋದವರದೂ ಭಕ್ತಿ, ತೆಗೆಯಲಾರದೆ ಹೊರಗೆ ಕುಳಿತವರದೂ ಭಕ್ತಿ. ಇಬ್ಬರ ನಡುವೆ ಅವಿನಯ ತೋರಿದವನು ಓದಿದ ನಾನೊಬ್ಬನೇ.

ನಮ್ಮ ಮಕ್ಕಳು ಇಂದು ಓದಿಗಾಗಿ, ಉದ್ಯೋಗಕ್ಕಾಗಿ ದೂರದೂರಿಗೆ ಹೋಗುತ್ತಾರೆ. ಹೋದಲ್ಲಿ ಅಲ್ಲಿಯ ರೀತಿಯನ್ನು ಮೊದಲು ಕೇಳಿ ತಿಳಿದು ನಡೆಯಲಿ. ಹಾಗೆಯೇ ಮನೆಗೆ ಬಂದ ಅನ್ಯರು ನಮ್ಮ ರೀತಿ ತಪ್ಪಿದಾಗ ಬೀದರಿನ ಆ ತರುಣನಂತೆ ನಡೆದುಕೊಳ್ಳಲಿ. ಆತ ಗದರಲಿಲ್ಲ, ನಗಲಿಲ್ಲ. ಕೈಮುಗಿದು, ತಲೆಗೆ ವಸ್ತ್ರ ಕಟ್ಟಿ ಒಳಗೆ ಕರೆದೊಯ್ದ.

ಗುರುದ್ವಾರದಿಂದ ಹೊರಬರುವಾಗ ಆ ವಸ್ತ್ರವನ್ನು ಬಿಚ್ಚಿ, ಮಡಿಸಿ, ಕಣ್ಣಿಗೊತ್ತಿಕೊಂಡು ಹಿಂದಿರುಗಿಸಿದೆ. ಮನೆಯ ಪೆಟ್ಟಿಗೆಯಲ್ಲಿರುವ ತಂದೆಯವರ ರುಮಾಲನ್ನು ಈ ಸಲ ಅವರ ಪುಣ್ಯಸ್ಮರಣೆಯ ದಿನ ಹೊರತೆಗೆದು ಸುತ್ತಿಕೊಳ್ಳಬೇಕೆಂದಿದ್ದೇನೆ.